ಎರಡು ರೂಟರ್‌ಗಳ ನಡುವೆ ದಾರಿ ತಪ್ಪಿದ ಮಾತು

ಮಧ್ಯಾಹ್ನದ ಊಟ ಮುಗಿದು, ಬೀದಿಯೆಲ್ಲ ಅರೆನಿದ್ದೆಗೆ ಜಾರುವ ಹೊತ್ತು...

ವಾರಿಜಾಳ ಮೇಜಿನ ಮೇಲೆ ಆಫೀಸಿನಿಂದ ಬಂದ ಕಪ್ಪು ಫೋನೊಂದು ಕೂತಿತ್ತು. ನೋಡಲು ಸಾಮಾನ್ಯ ಟೆಲಿಫೋನ್. ಆದರೆ ಅದು ಮನೆಯ ಇಂಟರ್ನೆಟ್ಟಿನೊಳಗೆ ವಿಪಿಎನ್ ಎಂಬ ಗುಪ್ತ ದಾರಿ ಮಾಡಿಕೊಂಡು, ನೇರ ಆಫೀಸನ್ನೇ ಸೇರುತ್ತದೆ.

ಕಣ್ಣಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಡುವುದು ಅವಳ ಕೆಲಸ. ಈ ಫೋನ್ ಇವತ್ತು ಸಂಜೆಯೊಳಗೆ ಸರಿಹೋದರೆ ಮನೆಯಿಂದಲೇ ದುಡಿಯಬಹುದು. ಇಲ್ಲದಿದ್ದರೆ ಸೋಮವಾರದಿಂದ ಮತ್ತೆ ಆಫೀಸು...

ಅವಳು ಆಫೀಸಿಗೆ ಹೋದರೆ ಅತ್ತೆ ಸೀತಮ್ಮನವರನ್ನು ನೋಡಿಕೊಳ್ಳುವವರಿಲ್ಲ. ಸ್ಟ್ರೋಕ್ ಆದಾಗಿನಿಂದ ಅವರ ಬಲಗೈ ಏಳುತ್ತಿರಲಿಲ್ಲ, ಮಾತೂ ಹೊರಡುತ್ತಿರಲಿಲ್ಲ. ಗಂಡ ಮುಕುಂದ ಊರಾಚೆಯ ಆರೈಕೆ ಕೇಂದ್ರವೊಂದನ್ನು ಆಗಲೇ ನೋಡಿ ಬಂದಿದ್ದ.

"ಅಮ್ಮನಿಗೆ ಅಲ್ಲೇ ನೆಮ್ಮದಿ," ಅನ್ನುತ್ತಿದ್ದ ಅವನು.

"ಅತ್ತೆಗೆ ಇಲ್ಲೇ ಆರಾಮ," ಅನ್ನುತ್ತಿದ್ದಳು ಇವಳು.

ಫೋನ್ ರಿಂಗಾಯಿತು.

"ಹಲೋ... ವಾರಿಜಾ, ಕೇಳಿಸ್ತಿದೆಯಾ?" ಆಫೀಸಿನ ಗೆಳತಿ ಶೈಲಜಾ. ಪಕ್ಕದಲ್ಲೇ ಕೂತಂತೆ ಸ್ಪಷ್ಟವಾದ ದನಿ.

"ಕೇಳಿಸ್ತಿದೆ ಕಣೇ, ಹೇಳು!"

"ಹಲೋ... ಹಲೋ..."

"ಇದೀನಿ ಕಣೇ! ಇಲ್ಲೇ ಇದೀನಿ!"

"ಏನೂ ಬರ್ತಿಲ್ಲ ಸರ್," ಶೈಲಜಾ ಮ್ಯಾನೇಜರಿಗೆ ಹೇಳುತ್ತಿದ್ದಳು. "ಪಾಪ, ಇದೆಲ್ಲ ಅವಳ ಕೈಲಿ ಆಗಲ್ಲ ಬಿಡಿ. ಆಫೀಸಿಗೇ ಕರೆಸೋದು ಒಳ್ಳೇದು."

ಕಟ್ ಆಯಿತು.

ಮತ್ತೆ ಬಂತು, ಮತ್ತೆ ಅದೇ... ಅವಳಿಗೆ ಎಲ್ಲವೂ ಕೇಳುತ್ತಿತ್ತು. ಅವಳದು ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ. ಅವಳ ಬಗ್ಗೆಯೇ, ಅವಳ ಕಿವಿಯಲ್ಲೇ, ಅವಳು ಇಲ್ಲವೇ ಇಲ್ಲವೆಂಬಂತೆ ಮಾತಾಡುತ್ತಿದ್ದರು.

ಅಳು ಬರುವಂತಾಗಿ, ಮೊಬೈಲಿನಲ್ಲಿ ಆಫೀಸಿನ ಟೆಕ್ನಿಷಿಯನ್ ಫಯಾಜ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಮೇಡಂ, ಮನೇಲಿ ಎಷ್ಟು ರೂಟರ್ ಇದೆ?"

"ಎರಡು. ಇಂಟರ್ನೆಟ್‌ನವರು ಹಾಕಿದ್ದು ಅತ್ತೆ ರೂಮಲ್ಲಿದೆ. ಅಲ್ಲಿಂದ ವೈರ್ ಎಳೆದು ನಮ್ಮೆಜಮಾನ್ರು ಇನ್ನೊಂದು ಹಾಕಿದಾರೆ, ಇಲ್ಲಿ."

"ಅತ್ತೆಗೊಂದು, ಸೊಸೆಗೊಂದು! ಚೆನ್ನಾಗಿದೆ," ಫಯಾಜ್ ನಕ್ಕ. "ಅದೇ ಇರಬೇಕು ತೊಂದರೆ. ಒಂದೇ ದಾರೀಲಿ ಇಬ್ಬರು ವಾಚ್‌ಮನ್ ಇದ್ದ ಹಾಗೆ ಮೇಡಂ. ನಿಮ್ಮ ಮಾತಿನ ಮೇಲೆ ಒಳಗಿನವನು ತನ್ನ ವಿಳಾಸ ಬರೀತಾನೆ. ಹೊರಗಿನವನು ಅದನ್ನ ಅಳಿಸಿ ತನ್ನದು ಬರೀತಾನೆ. ಇಬ್ಬರೂ ಒಳ್ಳೆಯವರೇ... ಆದ್ರೆ ಮಾತು ಮಧ್ಯದಲ್ಲೇ ದಾರಿ ತಪ್ಪುತ್ತೆ."

"ಈಗೇನ್ ಮಾಡ್ಲಿ?"

"ಒಬ್ಬನ್ನ ಮಧ್ಯದಿಂದ ತೆಗೀರಿ. ಫೋನ್ ತಗೊಂಡೋಗಿ ನೇರ ಅತ್ತೆಯವರ ರೂಟರ್‌ಗೇ ಹಾಕಿ."

ವಾರಿಜಾ ಫೋನನ್ನು ಮಗುವಿನಂತೆ ಎದೆಗವಚಿಕೊಂಡು ಅತ್ತೆಯ ಕೋಣೆಗೆ ನಡೆದಳು.

ಸದ್ದಿಲ್ಲದೆ ವಿಶ್ರಾಂತಿ ಸಿಗಲೆಂದು ಆ ಬಾಗಿಲನ್ನು ಸದಾ ಮುಚ್ಚಿರುತ್ತಿದ್ದರು. ಒಳಗೆ ಪರದೆಯಿಂದ ಸೋಸಿ ಬಂದ ಜೇನುಬಣ್ಣದ ಬೆಳಕು. ಅದರಲ್ಲಿ ತೇಲುವ ಧೂಳಿನ ಕಣಗಳು. ಮೂಲೆಯಲ್ಲಿ ರೂಟರಿನ ಹಸಿರು ದೀಪ, ಉಸಿರಾಡುವಂತೆ ಮಿನುಗುತ್ತಿತ್ತು...

ಅತ್ತೆ ಎಚ್ಚರವಾಗಿದ್ದರು.

ವೈರ್ ಸಿಕ್ಕಿಸಿ, ಫೋನ್ ಆನ್ ಆಗುವುದನ್ನೇ ಕಾಯುತ್ತಾ ನೆಲದ ಮೇಲೆ ಕೂತಳು. ಇಷ್ಟು ಹೊತ್ತು ತಾನಾಡಿದ ಮಾತುಗಳೆಲ್ಲ ಎಲ್ಲಿ ಹೋದವು? ತಲುಪದ ಮಾತುಗಳು ಈ ಧೂಳಿನ ಕಣಗಳ ಹಾಗೆ ಎಲ್ಲೋ ತೇಲುತ್ತಿರುತ್ತವೆಯೇ?

ತಲೆಯೆತ್ತಿದಳು. ಅತ್ತೆಯ ತುಟಿ ಅಲುಗುತ್ತಿತ್ತು.

"ನೀರಾ ಅತ್ತೆ?" ಎಂದು ಕೇಳಲು ಹೋದವಳು ಸುಮ್ಮನಾದಳು.

ದಿನವೂ ನಡೆಯುತ್ತಿದ್ದುದು ಇದೇ ಅಲ್ಲವೇ... ಆ ತುಟಿ ಅಲುಗಿದರೆ ಸಾಕು, "ನೀರಾ?" ಎನ್ನುತ್ತಿದ್ದಳು ಇವಳು. "ಹೊದಿಕೆಯಾ?" ಎನ್ನುತ್ತಿದ್ದ ಮುಕುಂದ. ಡಾಕ್ಟರ್ ಬಂದು ಅತ್ತೆಯನ್ನೇ ಪ್ರಶ್ನೆ ಕೇಳಿದರೂ ಉತ್ತರ ಕೊಡುತ್ತಿದ್ದವರು ಇವರಿಬ್ಬರೇ. ಪ್ರೀತಿಯಿಂದಲೇ...

ತನಗೆ ಒಂದು ಮಧ್ಯಾಹ್ನ ತಡೆಯಲಾಗದ್ದನ್ನು ಅತ್ತೆ ತಿಂಗಳುಗಟ್ಟಲೆ ತಡೆದುಕೊಂಡಿದ್ದರು. ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ.

ಫೋನ್ ರಿಂಗಾಯಿತು.

"ಹಲೋ?" ಎಂದಳು.

"ಬಂತು, ಬಂತು! ಎಲ್ಲಿ ಹಾಳಾಗಿ ಹೋಗಿದ್ಯೇ ಮಾರಾಯ್ತಿ?" ಶೈಲಜಾ ಕಿರುಚಿದಳು.

ಆಗಷ್ಟೇ ಹೊರಗಿನಿಂದ ಮನೆಗೆ ಬಂದಿದ್ದ ಮುಕುಂದ ಸದ್ದು ಕೇಳಿ ಬಾಗಿಲಿಗೆ ಬಂದ. "ಸರಿಹೋಯ್ತಾ? ಸದ್ಯ! ನನ್ನ ರೂಟರಿನ ಸೆಟ್ಟಿಂಗ್ ಬದಲಾಯಿಸಿ ಕೊಡ್ತೀನಿ, ಫೋನ್ ನಿನ್ನ ರೂಮಲ್ಲೇ ಇಟ್ಕೋ. ಇಲ್ಲಿ ಅಮ್ಮನಿಗೆ ಗಲಾಟೆ. ಆದ್ರೂ ಆ ಕೇಂದ್ರದವರಿಗೆ ಒಂದು ಮಾತು ಹೇಳಿಟ್ಟಿರೋಣ, ಅಮ್ಮನಿಗೆ ಅಲ್ಲಿ..."

"ರೀ, ಒಂದ್ನಿಮಿಷ ನೀವು ಸುಮ್ನಿರಿ. ನಾನೂ ಸುಮ್ನಿರ್ತೀನಿ."

ಫೋನಿಟ್ಟು, ಅತ್ತೆಯ ಎಡಗೈ ಹಿಡಿದುಕೊಂಡಳು.

"ಅತ್ತೆ... ನಿಮಗೆ ಎಲ್ಲಿರಬೇಕು ಅನ್ಸುತ್ತೆ? ನೀವೇ ಹೇಳಿ. ನಿಧಾನಕ್ಕೆ ಹೇಳಿ, ಕಾಯ್ತೀನಿ."

ಪರದೆ ಒಮ್ಮೆ ಉಬ್ಬಿ ಇಳಿಯಿತು. ಮುಕುಂದ ಏನೋ ಹೇಳಲು ಬಾಯಿ ತೆರೆದ... ಮುಚ್ಚಿಕೊಂಡ.

"ಇ..."

ಇಬ್ಬರೂ ಕಾದರು.

"ಇಲ್ಲಿ."

ಎಲ್ಲೋ ದೂರದಿಂದ, ತುಂಬಾ ದಿನ ನಡೆದು ಬಂದು ದಣಿದಂತಿತ್ತು ಆ ದನಿ. ಅಷ್ಟಕ್ಕೇ ಮುಗಿಯಲಿಲ್ಲ. ಅತ್ತೆ ಕೈ ಬಿಡಿಸಿಕೊಂಡು, ಕಪ್ಪು ಫೋನಿನ ಕಡೆ ಬೆರಳು ಚಾಚಿದರು.

"ಇಲ್ಲೇ... ಮಾ... ಮಾತಾಡು."

"ಗಲಾಟೆ ಆಗಲ್ವಾ ಅಮ್ಮ?" ಮುಕುಂದ ಮಂಚದ ಪಕ್ಕ ನೆಲದ ಮೇಲೆ ಕೂತ.

ಸೀತಮ್ಮ ಇಲ್ಲವೆಂದು ತಲೆಯಾಡಿಸಿದರು. ಅರ್ಧ ಮುಖವಷ್ಟೇ ನಕ್ಕಿತು... ಆ ಅರ್ಧ ನಗುವಿಗೆ ಕೋಣೆಯೆಲ್ಲ ಬೆಳಗಿತು.

ಮುಕುಂದ ಮಂಚದ ಕಾಲಿಗೆ ಒರಗಿ, ಚಿಕ್ಕ ಹುಡುಗನಂತೆ ಅತ್ತುಬಿಟ್ಟ. ಅಮ್ಮನಿಗೆ ನೆಮ್ಮದಿ ಕೊಡುತ್ತೇವೆಂದು ಇವರು ಕೊಟ್ಟಿದ್ದು ಬರೀ ಮೌನವನ್ನು.

ವಾರಿಜಾ ಹೋಗಿ ತನ್ನ ಮೇಜನ್ನು ಅತ್ತೆಯ ಕೋಣೆಗೆ ಎಳೆದು ತಂದಳು.

*ಪ್ರೀತಿಸುವವರ ಪರವಾಗಿ ಮಾತಾಡುವುದಕ್ಕಿಂತ, ಅವರ ಮಾತು ಹೊರಬರುವವರೆಗೆ ಕಾಯುವುದೇ ದೊಡ್ಡ ಪ್ರೀತಿ.*

ನಿಮ್ಮ ಮನೆಯಲ್ಲಿ ಯಾರು ಹೇಳಬೇಕಾದ ಉತ್ತರವನ್ನು ನೀವೇ ಹೇಳಿಬಿಡುತ್ತಿದ್ದೀರಿ?