ಗಟ್ಟಿಯಾಗಿ ಓದಿ, ಸಾಯ್ಬ್ರೆ

"ಗಟ್ಟಿ ಓದಿ, ಸಾಯ್ಬ್ರೆ!"

ತಿಮ್ಮಕ್ಕ ಪಾಸ್‌ಬುಕ್ಕನ್ನು ಕೌಂಟರಿನ ಮೇಲೆ ಬಡಿದಳು. ಕಡಲತೀರದ ಮಂಕಿ ಊರಿನ ಆ ಚಿಕ್ಕ ಬ್ಯಾಂಕಿನಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ಹೊಸ ಮ್ಯಾನೇಜರ್ ಸಂಜಯ ಮಾತ್ರ ದನಿ ತಗ್ಗಿಸಿದ.

"ಹಾಗೆ ಓದುವಂತಿಲ್ಲ, ತಿಮ್ಮಕ್ಕ. ನಿಮ್ಮ ಲೆಕ್ಕ ನಾಲ್ಕು ಜನರ ಕಿವಿಗೆ ಬೀಳಬಾರದು. ಅದು ನಿಮ್ಮ ಹಕ್ಕು."

"ನನಗೆ ಓದೂಕೆ ಬರೂದಿಲ್ಲ. ಕಿವಿಯೂ ಮಂದ. ಹಿಂದಿನವರೆಲ್ಲ ಗಟ್ಟಿ ಓದಿ ಹೇಳ್ತಿದ್ರು."

ಅದೇ ಸಂಜಯನಿಗೆ ಸಂಕಟ. ಬಡ ಮೀನುಗಾರ್ತಿಯ ಖಾತೆಯನ್ನು ಊರ ಮುಂದೆ ಹರಾಜು ಕೂಗಿದಂತೆ ಓದುವುದೆಂದರೇನು? ಬಂದ ವಾರವೇ ಅವನು ನೆಲಕ್ಕೆ ಹಳದಿ ಗೆರೆ ಎಳೆಸಿದ್ದ. ಒಬ್ಬರು ಕೌಂಟರಿನಲ್ಲಿದ್ದಾಗ ಉಳಿದವರು ಅದರ ಹಿಂದೆಯೇ ನಿಲ್ಲಬೇಕು. ಈಗ, ಮನೆಯಲ್ಲಿ ಓದಿಸಿಕೊಳ್ಳಲಿ ಎಂದು, ಮೊತ್ತವನ್ನು ಚೀಟಿಯಲ್ಲಿ ಬರೆದು, ಮಡಚಿ, ಅವಳ ಕೈಗಿಟ್ಟ.

ಬಾಗಿಲ ಬಳಿ ಬೆಂಚಿನಲ್ಲಿ ಮಂಜ ಕೂತಿದ್ದ. ತಿಮ್ಮಕ್ಕನ ಗಂಡ ನಾಗುವಿನ ಅಣ್ಣ. "ಮಡಚಿ ಕೊಡೂವಂತದ್ದು ಎಂತ ಬಂತಪ್ಪ ಇವಳಿಗೆ?" ಎಂದು ಪಕ್ಕದವನಿಗೆ ಪಿಸುಗುಟ್ಟಿದ.

ಕೌಂಟರಿನಿಂದಲೇ ತಿಮ್ಮಕ್ಕ ತಿರುಗಿದಳು. "ಎಂತದೂ ಬರ್ಲಿಲ್ಲ ಬಾವಾ!" ಅವಳ ಮುಖ ಬಿಳಿಚಿತ್ತು.

ಹಿಂದಿನ ವರ್ಷ ದೋಣಿ ಮಗುಚಿ ನಾಗು ತೀರಿಕೊಂಡಿದ್ದ. ಅವನ ಅಪಘಾತ ವಿಮೆಯ ಹಣ ಇಂದೋ ನಾಳೆಯೋ ಬರುತ್ತದೆಂದು ಕೇರಿಗೆಲ್ಲ ಗೊತ್ತು. ಮಗಳು ಧನ್ಯಶ್ರೀಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ಮಂಜನಿಗಾದರೋ ದೊಡ್ಡ ಬೋಟಿನಲ್ಲಿ ಪಾಲು ಕೊಳ್ಳುವ ಹುಚ್ಚು. ತನ್ನ ಇಬ್ಬರು ಭಾವಂದಿರ ಹಣವನ್ನು ಆಗಲೇ ನೀರುಪಾಲು ಮಾಡಿದ್ದ. ಆದರೂ ಮನೆಗೆ ಹಿರಿಯ. ಎದುರು ಬಂದು ಕೈಚಾಚಿದರೆ ತಿಮ್ಮಕ್ಕನಿಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ.

ಅವಳು ಹೋದದ್ದೇ ತಡ, ಮಂಜ ಮ್ಯಾನೇಜರರ ಕೋಣೆಗೆ ನುಗ್ಗಿದ.

"ನಮ್ಮ ನಾಗುವಿನ ದುಡ್ಡು ಬಂತಾ, ಸಾಯ್ಬ್ರೆ?"

"ಗ್ರಾಹಕರ ವಿವರ ಯಾರಿಗೂ ಹೇಳುವಂತಿಲ್ಲ."

"ನಾನು ಸ್ವಂತ ಅಣ್ಣ ಮಾರಾಯ್ರೆ! ಬರ್ಲಿಲ್ಲ ಅಂತಾದ್ರೂ ಹೇಳಿ."

"ಅದನ್ನೂ ಹೇಳುವಂತಿಲ್ಲ."

ಮಂಜ ನಗುತ್ತ ಹೊರಬಿದ್ದ. ಬಾರದಿದ್ದರೆ ಬಂದಿಲ್ಲ ಎನ್ನಲು ಇವರಿಗೇನು ದಾಡಿ? ಸಂಜೆಯೊಳಗೆ ಮೀನು ಮಾರುಕಟ್ಟೆಯಲ್ಲಿ ಸುದ್ದಿ: ತಿಮ್ಮಕ್ಕನಿಗೆ ದುಡ್ಡು ಬಂದಿದೆ.

ಮರುದಿನ ಬ್ಯಾಂಕು ಬಾಗಿಲು ತೆರೆಯುವಾಗಲೇ ತಿಮ್ಮಕ್ಕ ಮೆಟ್ಟಿಲ ಮೇಲಿದ್ದಳು. ಕಂಕುಳಲ್ಲಿ ಖಾಲಿ ಮೀನುಬುಟ್ಟಿ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ. ಅವಳ ಹಿಂದೆ ಮಂಜ, ಮಂಜನ ಹಿಂದೆ ಕೇರಿಯ ಇಬ್ಬರು ಹಿರಿಯರು.

"ಸುಮ್ಮನಿದ್ದು ನನ್ನ ಮನೆ ಮುಳುಗಿಸಿದ್ರಿ, ಸಾಯ್ಬ್ರೆ! ಬಾವ ರಾತ್ರೆಗೇ ಬೋಟಿನ ಕ್ರಯ ಮಾತಾಡಿ ಬಂದಾರೆ. ಲೆಕ್ಕ ಯಾರದ್ದು?"

"ನಿಮ್ಮದು."

"ಮುಚ್ಚಿಡೂದು ನನ್ನ ಹಕ್ಕಾದ್ರೆ, ಗಟ್ಟಿ ಓದಿಸೂದು ಯಾರ ಹಕ್ಕು?"

ಸಂಜಯ ಅವಳ ಒಪ್ಪಿಗೆಯನ್ನು ಎಲ್ಲರೆದುರು ಕೇಳಿಕೊಂಡ. ಎದ್ದು ನಿಂತ. ಗಂಟಲು ಸರಿಮಾಡಿಕೊಂಡು ಓದಿದ.

"ನಾನೂರ ಹನ್ನೆರಡು ರೂಪಾಯಿ."

ಮಂಜ ಬಿಡಲಿಲ್ಲ. "ದೇವರ ಮೇಲೆ ಆಣೆ ಮಾಡು."

ತಿಮ್ಮಕ್ಕ ಬುಟ್ಟಿ ಕೆಳಗಿಟ್ಟು ಕೈಮುಗಿದಳು. "ಇಡಗುಂಜಿ ಗಣಪತಿ ಆಣೆ. ಈ ಬ್ಯಾಂಕಲ್ಲಿ ನಂದು ಇರೂದು ಇಷ್ಟೇ."

ಹಿರಿಯರು ತಲೆದೂಗಿದರು. ಪ್ರಾಣ ಹೋದರೂ ತಿಮ್ಮಕ್ಕ ಆ ಗಣಪತಿಯ ಹೆಸರಲ್ಲಿ ಸುಳ್ಳಾಡುವವಳಲ್ಲ. "ಹಾಂಗಾದ್ರೆ ಆತು" ಎಂದ ಮಂಜ ಚಪ್ಪಲಿ ಹುಡುಕಿದ. ಇನ್ನು ನಿಂತರೆ ಅವಳೇ ಸಾಲ ಕೇಳಿಯಾಳೆಂಬ ಭಯ.

ಎಲ್ಲರೂ ಹೋದ ಮೇಲೆ ಸಂಜಯ ಅವಳಿಗೆ ಕುರ್ಚಿ ಕೊಟ್ಟ. "ವಿಮೆಯವರು ಇಷ್ಟು ತಡಮಾಡಬಾರದು. ನಾನೇ ಅವರಿಗೆ ಬರೆಯುತ್ತೇನೆ."

"ಬೇಡ, ಬೇಡ!" ತಿಮ್ಮಕ್ಕ ದಡಬಡಿಸಿ ಎದ್ದಳು. "ಅವರಿಗೆಂತಕೆ ತೊಂದ್ರೆ."

"ಮತ್ತೆ ಮಗಳ ಫೀಸು?"

ಅವಳು ಒಂದು ಗಳಿಗೆ ಕಿಟಕಿಯಾಚೆ, ಕಡಲಿದ್ದ ಕಡೆಗೆ ನೋಡಿದಳು. "ಅವಳ ಅಪ್ಪ ನೋಡ್ಕೊಳ್ತಾರೆ."

ಸಂಜಯನ ಕಣ್ಣು ತೇವವಾಯಿತು. ಸತ್ತವನ ಮೇಲೆ ಇನ್ನೂ ಇಷ್ಟು ಭರವಸೆ!

ಬಾಗಿಲಲ್ಲಿ ಜವಾನ ದೇವರಾಜ ಛೇಡಿಸಿದ. "ಎಲ್ಲಿಗೆ ತಿಮ್ಮಕ್ಕ, ಕುಮಟಾ ಸಂತೆಗಾ? ಖಾಲಿ ಬುಟ್ಟೀಲಿ ಎಂತ ಮಾರ್ತಿ?"

"ನಿನ್ನ ನಾಲಗೆ ಮಾರ್ತೆ. ಒಳ್ಳೆ ತೂಕ ಬತ್ತದೆ!"

ಅವಳು ಬಸ್ಸಿಗೆ ಓಡಿದಳು.

ಮುಂದಿನ ವಾರ ಸಂಜಯ ರಜೆ ಹಾಕಿ ಕುಮಟೆಗೆ ಹೋದ. ಅಲ್ಲಿನ ಬೇರೊಂದು ಬ್ಯಾಂಕಿನಲ್ಲಿ ಅವನ ಉಳಿತಾಯವಿತ್ತು. ತನ್ನ ಬ್ಯಾಂಕಿನಲ್ಲಿಟ್ಟರೆ ದಿನಾ ಸಹೋದ್ಯೋಗಿಗಳ ಕಣ್ಣು. ಇದನ್ನವನು ಯಾರಿಗೂ ಹೇಳಿರಲಿಲ್ಲ.

ಸಂತೆಯ ದಿನ, ಸಾಲು ಉದ್ದವಿತ್ತು. ಅವಸರದಲ್ಲಿ ಸಂಜಯ ಅಲ್ಲೂ ಎಳೆದಿದ್ದ ಹಳದಿ ಗೆರೆ ದಾಟಿ ನಿಂತದ್ದು ಅವನಿಗೇ ತಿಳಿಯಲಿಲ್ಲ. ಮುಂದಿದ್ದ ಹೆಂಗಸು ಗಾಜಿಗೆ ಕಿವಿಯಿಟ್ಟು ಬಾಗಿದ್ದಳು. ಒಳಗಿನ ಗುಮಾಸ್ತೆ ಬಾಯಿ ತೆರೆಯುತ್ತಲೇ ಆ ಹೆಂಗಸು ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ ಮಗಾ, ಮೆಲ್ಲಗೆ" ಎಂದಳು.

ಗುಮಾಸ್ತೆ ಪಿಸುಗುಟ್ಟಿದಳು. "ನಿಮ್ಮ ಯಜಮಾನರ ವಿಮೆ ಹಣದಿಂದ ಕಾಲೇಜಿನ ಫೀಸು ಹೋಯಿತು. ಉಳಿದದ್ದು ಠೇವಣಿಯಲ್ಲಿ ಭದ್ರವಾಗಿದೆ."

ಆ ಪಿಸುಮಾತಿನ ಒಂದಕ್ಷರವೂ ಹೆಂಗಸಿಗೆ ತಪ್ಪಲಿಲ್ಲ. ಕಾಲ ಬಳಿಯಿದ್ದ ಬುಟ್ಟಿಯನ್ನೆತ್ತಿ, ಪಾಸ್‌ಬುಕ್ಕನ್ನು ನೀಲಿ ಹೊದಿಕೆಯಡಿ ತೂರಿಸಿ ತಿರುಗಿದಳು. ಸಂಜಯನನ್ನು ಕಂಡಳು. ಅವನು ಬೆನ್ನ ಹಿಂದೆ ಬಚ್ಚಿಟ್ಟ ಪಾಸ್‌ಬುಕ್ಕನ್ನೂ ಕಂಡಳು.

"ಗ್ರಾಹಕರ ವಿವರ ಯಾರಿಗೂ ಹೇಳೂ ಹಾಂಗಿಲ್ಲ," ಎಂದಳು ತಿಮ್ಮಕ್ಕ, "ಅಲ್ದಾ ಸಾಯ್ಬ್ರೆ?"