ಸಮಾಧಿಗೆ ಎರೆದ ಹಾಲು

ಕಾರು ಅಪಘಾತದಲ್ಲಿ ಮುದುಕನ ಹೆಂಡತಿ ತೀರಿಕೊಂಡಳು. ಅವನ ಮಂಡಿಗಳು ಮುರಿದವು. ಪರಿಹಾರ ಬಂದರೆ ಆಪರೇಷನ್ ಆಗಬೇಕು, ಆಪರೇಷನ್ ಆದರೆ ಅವನು ಮತ್ತೆ ನೆಲದ ಮೇಲೆ ಕೂತು ಲಿಂಗಪೂಜೆ ಮಾಡಬೇಕು. ಅವನಿಗೆ ಉಳಿದಿದ್ದ ಆಸೆ ಅದೊಂದೇ.

"ಕೇಸ್ ಮುಗಿಯೂತನಕ ಹೊರಗ ಹೋಗಬ್ಯಾಡ್ರಿ, ಅಜ್ಜಾರ. ವಿಮಾದವರು ಫೋನ್ ಹಿಡಕೊಂಡು ಕಾಯ್ತಿರ್ತಾರ" ಎಂದು ಅವನ ವಕೀಲರು ಎಚ್ಚರಿಸಿದ್ದರು.

ಆದರೂ ಹೆಂಡತಿಯನ್ನು ಮಣ್ಣು ಮಾಡಿ ವರ್ಷ ತುಂಬಿದ ದಿನ ಅವನು ಮನೆಯಲ್ಲಿ ಇರಲಾರದೆ ಹೋದ. ಯಾರಿಗೂ ಹೇಳದೆ, ಕೋಲೂರಿಕೊಂಡು, ಹಾಲಿನ ತಂಬಿಗೆ ಹಿಡಿದು ಅವಳ ಸಮಾಧಿಗೆ ನಡೆದ.

ಈಗ ನ್ಯಾಯಾಲಯದಲ್ಲಿ ಆ ದಿನದ ವಿಡಿಯೊ ಓಡುತ್ತಿತ್ತು. ಅದರಲ್ಲಿ ಮುದುಕ ಸಮಾಧಿಯ ಮುಂದೆ ಮಂಡಿಯೂರಿದ್ದ. ಈಗ ಅವನು ಸಾಕ್ಷಿಕಟ್ಟೆಯಲ್ಲಿದ್ದ; ವಿಡಿಯೊ ತೆಗೆದ ವಿಮಾ ಕಂಪನಿಯ ನೌಕರ ಕಂಪನಿಯ ವಕೀಲರ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

"ಕುಂತು ಏಳಾಕಾಗೂದಿಲ್ಲ ಅಂದಿದ್ರಿ. ಇಲ್ಲಿ ಆರಾಮ ಕುಂತೀರಲ್ಲ, ಯಜಮಾನ್ರ?" ಎಂದು ಕಂಪನಿಯ ವಕೀಲರು ನಕ್ಕರು.

"ಕುಂತಿದ್ದಲ್ರೀ. ಬಿದ್ದಿದ್ದು."

"ಬಿದ್ದವರು ಎದ್ದು ಮನಿಗೆ ಹೆಂಗ ಹೋದ್ರಿ? ಎತ್ತಾಕ ಯಾರಿದ್ರು ಅಲ್ಲಿ?"

ಮುದುಕ ಆ ನೌಕರನ ಕಡೆ ಒಮ್ಮೆ ನೋಡಿದ.

"ಶಿವ ಇದ್ದನ್ರೀ" ಎಂದ ಮುದುಕ, ಮೆಲ್ಲಗೆ.

"ಓಹೋ! ಶಿವನ ಬಂದು ಎತ್ತಿದನೇನು?"

ನ್ಯಾಯಾಲಯದಲ್ಲಿ ನಗು ಎದ್ದಿತು. ವಿಡಿಯೊ ತೆಗೆದ ನೌಕರ ತಲೆ ಎತ್ತಿದ.

"ಎತ್ತಿದ್ದು ನಾನ್ರೀ, ಸಾಹೇಬ್ರ. ಅಜ್ಜಾರಿಗೆ ತಂಬಿಗಿ ಹಿಡಿಯಾಕೂ ಆಗಲಿಲ್ಲ. ಆ ತಾಯಿಗೆ ಹಾಲು ಎರೆದವನೂ ನಾನ."