ಒಳಲಂಗದ ಅಕ್ಷರಗಳು

ಚರ್ಚಿನ ಮೆಟ್ಟಿಲ ಮೇಲೆ ಕಾನ್ಸಾಸಿನ ಧೂಳುಗಾಳಿ ವೆರ್ನಾಳ ಲಂಗವನ್ನು ಮೊಣಕಾಲಿನ ತನಕ ಎತ್ತಿಬಿಟ್ಟಿತು. ಹಿಟ್ಟಿನ ಚೀಲ ಬಿಚ್ಚಿ ಹೊಲಿದ ಒಳಲಂಗದ ಮೇಲೆ ಕೆಂಪು ಅಕ್ಷರಗಳು ಹಾಗೇ ಇದ್ದವು: 'ಅಪ್ಪಟ ಗೋಧಿ ಹಿಟ್ಟು, ನಲವತ್ತೆಂಟು ಪೌಂಡು.' ಹಂದಿಕೊಬ್ಬು ಸವರಿ, ನೆನೆಸಿ, ಉಜ್ಜಿದ್ದರೆ ಬಣ್ಣ ಬಿಡುತ್ತಿತ್ತು. ಒಳಗಿನದನ್ನು ಯಾರು ನೋಡುತ್ತಾರೆಂದು, ಇದ್ದೊಂದು ಚಮಚ ಕೊಬ್ಬನ್ನು ಅವಳು ಮಕ್ಕಳ ರೊಟ್ಟಿಗೆ ಸವರಿದ್ದಳು.

ಹಿಂದೆ ಯಾರೋ ಕಿಸಕ್ಕೆಂದರು. ಎರಡೂ ಕೈಯಿಂದ ಲಂಗ ಅದುಮಿ ಹಿಡಿದ ವೆರ್ನಾಳಿಗೆ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಗಂಡನ ಕೆಲಸ ಹೋಗಿ ವರ್ಷವಾಗಿದ್ದರೂ, ಹೋದ ವಾರವಷ್ಟೇ ಬಡವರಿಗೆಂದು ಚರ್ಚು ಹಂಚುವ ದಿನಸಿಯ ಬುಟ್ಟಿ ಮನೆಗೆ ಬಂದಾಗ, "ನಮಗೇನು ಕಮ್ಮಿಯಾಗಿದೆ? ಇಲ್ದೋರಿಗೆ ಕೊಡಿ" ಎಂದು ಗತ್ತಿನಿಂದ ವಾಪಸು ಕಳಿಸಿದ್ದಳು. ಆ ಬುಟ್ಟಿ ತಂದಿದ್ದ ಹಾಲ್‌ಸ್ಟೆಡ್ ಅಮ್ಮನವರೇ ಈಗ ಮೆಟ್ಟಿಲಿಳಿದು ಬರುತ್ತಿದ್ದರು. ಗಂಡನ ಬ್ಯಾಂಕು ಮುಚ್ಚಿ ಎರಡು ವರ್ಷವಾದರೂ ಆಕೆಯ ಹ್ಯಾಟಿನ ಗರಿ ಬಾಗಿರಲಿಲ್ಲ.

ಹತ್ತಿರ ಬಂದವರು ಅತ್ತಿತ್ತ ನೋಡಿ, ತಮ್ಮ ರೇಷ್ಮೆ ಲಂಗದ ಅಂಚನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎತ್ತಿದರು. ಒಳಲಂಗದ ಮೇಲೆ ನೀಲಿ ಕೋಳಿಯೊಂದು ಕಾಳು ಕುಕ್ಕುತ್ತಿತ್ತು.

"ನಿಂದಾದ್ರೂ ಮನುಷ್ಯರು ತಿನ್ನೋ ಹಿಟ್ಟಿನ ಚೀಲ ಕಣೇ. ನಂದು ಕೋಳಿ ಮೇವಿಂದು."

ವೆರ್ನಾ ಕಣ್ಣರಳಿಸಿದಳು. "ಮತ್ತೆ ಆ ಬುಟ್ಟಿ, ಅಮ್ಮಾವ್ರೇ?"

"ಇಲ್ದೋರಿಗೆ ಕೊಡಿ ಅಂದ್ಯಲ್ಲ. ನಾವೇ ತಿಂದ್ವಿ."

ನಗು ತಡೆಯಲಾರದೆ ವೆರ್ನಾ ಅದುಮಿ ಹಿಡಿದಿದ್ದ ಲಂಗವನ್ನು ಗಾಳಿಗೆ ಬಿಟ್ಟುಬಿಟ್ಟಳು.